ಓರೆ ಮುದ್ರೆ

೨ ಫೆಬ್ರುವರಿ, ಸೋಮವಾರ
ಹಾಸ್ಟೆಲು

ಅಮ್ಮಾ,

ಮೊದಲ ಸೆಮಿಸ್ಟರಿನ ಫಲಿತಾಂಶ ಶುಕ್ರವಾರ ಬಂತು. ನಾನು ಕಾಲೇಜು ಬದಲಾಯಿಸಬೇಕೆಂದಿದ್ದೇನೆ. ಇದರ ಜೊತೆ ಒಂದು ಅರ್ಜಿ ಇಟ್ಟಿದ್ದೇನೆ. ಕೊನೆಯ ಪುಟದಲ್ಲಿ ಪೆನ್ಸಿಲಿನಿಂದ ಗುರುತು ಮಾಡಿದ ಜಾಗದಲ್ಲಿ ನಿನ್ನ ಸಹಿ ಬೇಕು. ಇಪ್ಪತ್ತೇಳನೆಯ ತಾರೀಖಿನೊಳಗೆ ಅದು ಹೊಸ ಕಾಲೇಜಿನ ಕಚೇರಿ ತಲುಪಬೇಕು.

ಇದನ್ನು ನಿನ್ನೆ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಭಾನುವಾರದ ಫೋನು ಊಟ, ನಿದ್ದೆ, ಕೆಮ್ಮಿಗೆ ಮಾತ್ರ, ಮುಖ್ಯವಾದದ್ದು ಕಾಗದದ ಮೇಲಿರಬೇಕು ಎಂಬುದು ನಿನ್ನದೇ ಕಾನೂನು. ನಾನು ಕೆಮ್ಮಿನ ಬಗ್ಗೆ ಮಾತಾಡಿ ಇಟ್ಟೆ.

ಆ ಕಾಲೇಜಿಗೆ ಮೊನ್ನೆ ಶನಿವಾರ ಹೋಗಿಬಂದೆ. ಬಸ್ಸಿನಲ್ಲಿ ಎರಡು ಗಂಟೆ. ಪ್ರವೇಶ ವಿಭಾಗದಲ್ಲಿ ಕುಳಿತಿದ್ದ ಹೆಂಗಸು ನಮ್ಮ ಕಾಲೇಜಿನ ಹೆಸರು ಓದಿ, ಕನ್ನಡಕವನ್ನು ಹಣೆಗೇರಿಸಿ, "ಯಾಕಮ್ಮಾ ಬಿಟ್ಟು ಬರ್ತೀಯಾ? ಅಲ್ಲಿ ನೀರು ಸರಿ ಇಲ್ವಾ, ಹುಡುಗರು ಸರಿ ಇಲ್ವಾ?" ಎಂದು ಕೇಳಿದರು. ಎರಡೂ ಸರಿ ಇವೆ ಎಂದೆ. "ಹಾಗಾದ್ರೆ ನೀನೇ ಸರಿ ಇಲ್ಲ ಅನ್ನು" ಎಂದು ನಕ್ಕು ಅರ್ಜಿ ಕೊಟ್ಟರು. ತಮಾಷೆಗೆ ಅಂದದ್ದು. ಆದರೂ ವಾಪಸ್ಸು ಬರುವಷ್ಟು ಹೊತ್ತೂ ಆ ಮಾತು ಪಕ್ಕದ ಸೀಟಿನಲ್ಲೇ ಕುಳಿತಿತ್ತು.

ಅಲ್ಲಿನ ಭೌತಶಾಸ್ತ್ರದ ಲ್ಯಾಬನ್ನು ಕಿಟಕಿಯಿಂದ ನೋಡಿದೆ. ಪ್ರತಿ ಮೇಜಿಗೂ ಅದರದೇ ಸ್ಕೇಲು. ಹಲಗೆಯ ಮೇಲೆ ಹುಡುಗಿಯರು ತಂತಮ್ಮ ಅಳತೆಗಳನ್ನು ಬರೆದಿದ್ದರು. ಒಂದಕ್ಕೊಂದು ಹೊಂದದ ಅಂಕಿಗಳು. ಯಾರೂ ಅಳಿಸಿರಲಿಲ್ಲ. ನಾನು ಅಲ್ಲೇ ತುಂಬ ಹೊತ್ತು ನಿಂತುಬಿಟ್ಟೆ.

ನಮ್ಮಲ್ಲಿ ಇಡೀ ಲ್ಯಾಬಿಗೆ ಒಂದೇ ಮೀಟರ್ ಕೋಲು. ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿರುತ್ತಾರೆ, ಸರದಿಯಲ್ಲಿ ತೆಗೆದುಕೊಳ್ಳಬೇಕು. ಮೇಷ್ಟ್ರು ರೆಕಾರ್ಡ್ ಬುಕ್ಕಿನ ಕೊನೆಯ ಸಾಲು ಮಾತ್ರ ನೋಡುತ್ತಾರೆ. ಉತ್ತರ ಪುಸ್ತಕದಲ್ಲಿ ಇದ್ದಂತೆಯೇ ಇದ್ದರೆ ಸಹಿ, ಇಲ್ಲದಿದ್ದರೆ ಕೆಂಪು ಗೆರೆ. ನನ್ನ ರೂಮಿನವಳು, ಎಲ್ಲರೂ ಗಿರಗಿಟ್ಲೆ ಎಂದು ಕರೆಯುವವಳು, ಮೊದಲು ಉತ್ತರ ಬರೆದುಕೊಂಡು ಆಮೇಲೆ ಅಳತೆಗಳನ್ನು ತುಂಬುತ್ತಾಳೆ. ಇದೇನೇ ಎಂದರೆ, "ಮನೆ ಎಲ್ಲಿದೆ ಅಂತ ಗೊತ್ತಿರೋವಾಗ ದಾರಿ ಕೇಳ್ಕೊಂಡು ಯಾಕೆ ಹೋಗ್ಬೇಕು?" ಎನ್ನುತ್ತಾಳೆ. ಅವಳಿಗೆ ಲ್ಯಾಬಿನಲ್ಲಿ ಇಪ್ಪತ್ತೈದಕ್ಕೆ ಇಪ್ಪತ್ತನಾಲ್ಕು ಬಂದಿದೆ. ಒಳ್ಳೆಯವಳು. ನನ್ನ ದಿಂಬಿನ ಚೀಲದಲ್ಲಿ ಹನ್ನೊಂದು ಬಣ್ಣದ ತುಂಡುಗಳಿರುವುದನ್ನು ಎಣಿಸಿ, ನಿಮ್ಮಪ್ಪ ದರ್ಜಿಯಾ ಎಂದು ಕೇಳಿದಳು. ಅಪ್ಪ ಬಸ್ ಓಡಿಸುತ್ತಾರೆ, ಆದರೆ ನಮ್ಮ ಮನೆಯಲ್ಲಿ ಅರ್ಧ ಮೀಟರಿಗಿಂತ ಉದ್ದದ ಬಟ್ಟೆಯೇ ಇಲ್ಲ ಎಂದೆ. ಹಾಗೆ ಯಾಕೆ ಎಂದಳು. ಯಾಕೆ ಎಂದು ನನಗೂ ಗೊತ್ತಿಲ್ಲ ಎಂಬುದು ಆಗ ತಿಳಿಯಿತು.

ಅರ್ಜಿಯಲ್ಲಿ 'ಬದಲಾವಣೆಗೆ ಕಾರಣ' ಎಂಬ ಕಾಲಂ ಇದೆ. ಮೂರು ಸಲ ಬರೆದು ಮೂರು ಸಲ ಅಳಿಸಿದ್ದೇನೆ. ಕಾಗದ ಅಲ್ಲಿ ತೆಳ್ಳಗಾಗಿದೆ, ನೀನು ನೋಡಿಯೇ ನೋಡುತ್ತೀಯ. ಸಹಿ ಹಾಕಿ ಕಳಿಸು, ಅದನ್ನು ನಾನು ಆಮೇಲೆ ತುಂಬುತ್ತೇನೆ.

ಚಟಾಕು

ತಾ.ಕ.: ಬೇರೆ ಏನಿಲ್ಲ, ಒಂದು ಕುತೂಹಲ. ದಾರಕ್ಕೆ ಗುಂಡು ಕಟ್ಟಿ ತೂಗಿಬಿಟ್ಟು ಗುರುತ್ವದ ಬೆಲೆ ಕಂಡುಹಿಡಿಯುವ ಪ್ರಯೋಗ ಇದೆಯಲ್ಲ, ಅದರ ಉತ್ತರ ಎಲ್ಲರಿಗೂ ೯.೮ ಬರುತ್ತದೆ. ನನಗೆ ಒಂದು ಮೀಟರ್ ದಾರಕ್ಕೆ ೯.೮೮, ಅರ್ಧ ಮೀಟರಿಗೆ ೯.೯೬, ಕಾಲು ಮೀಟರಿಗೆ ೧೦.೧೨. ಪ್ರತಿಸಲವೂ ಹೆಚ್ಚೇ, ಒಮ್ಮೆಯೂ ಕಡಿಮೆ ಇಲ್ಲ. ದಾರ ಗಿಡ್ಡವಾದಷ್ಟೂ ತಪ್ಪು ದೊಡ್ಡದಾಗುತ್ತದೆ. ಗಡಿಯಾರ, ದಾರ, ಗಂಟು, ಗುಂಡಿನ ಅಗಲ, ನನ್ನ ಕಣ್ಣು, ಐದನ್ನೂ ಪರೀಕ್ಷಿಸಿದೆ. ಯಾಕಿರಬಹುದು?


೬ ಫೆಬ್ರುವರಿ, ಶುಕ್ರವಾರ
ಮನೆ

ಚಟಾಕು,

ಅರ್ಜಿಯನ್ನು ಸಹಿ ಹಾಕದೆ ವಾಪಸ್ಸು ಕಳಿಸಿದ್ದೇನೆ. ಸಿಟ್ಟಿನಿಂದಲ್ಲ. ನೀನು ಒಂದು ಖಾಲಿ ಕಾಲಂ ಬಗ್ಗೆ ಬರೆದಿದ್ದೀಯ, ಎಣಿಸಿದರೆ ಎರಡಿವೆ. ಮೂರನೆಯ ಪುಟದಲ್ಲಿ ಉಳಿದೆಲ್ಲ ವಿಷಯಗಳ ಅಂಕ ತುಂಬಿದ್ದೀಯ, ಲ್ಯಾಬಿನ ಅಂಕ ಮಾತ್ರ ಬಿಟ್ಟಿದ್ದೀಯ. ಗಿರಗಿಟ್ಲೆಯ ಇಪ್ಪತ್ತನಾಲ್ಕನ್ನು ಬರೆದವಳು ನಿನ್ನದನ್ನು ಮರೆತಿರಲಾರೆ. ಮೂವತ್ತೊಂದು ವರ್ಷದಿಂದ ತೂಕ ಮತ್ತು ಅಳತೆಯ ಇನ್‌ಸ್ಪೆಕ್ಟರ್ ಆಗಿದ್ದೇನೆ. ಪರೀಕ್ಷಿಸದೆ ಮುದ್ರೆ ಹಾಕುವ ಅಭ್ಯಾಸ ನನಗಿಲ್ಲ, ಮಗಳ ಅರ್ಜಿಯಾದರೂ ಅಷ್ಟೇ.

ಕಾಲೇಜು ಬದಲಾಯಿಸಬೇಡ ಎಂದು ಹೇಳುತ್ತಿಲ್ಲ. ಆ ಊರನ್ನು ನೀನು ಆರಿಸಿಕೊಂಡಾಗಲೇ, ನನ್ನ ಹಳೆಯ ಕಚೇರಿ ಇದ್ದ ಊರು ಎಂಬ ಕಾರಣಕ್ಕೆ ಹೋಗುವುದಾದರೆ ಬೇಡ ಎಂದಿದ್ದೆ. ಈಗ ಬಿಡುವುದಕ್ಕೂ ನಿನ್ನದೇ ಕಾರಣ ಇರಲಿ.

ಇಲ್ಲಿ ಈ ವಾರ ತರಕಾರಿ ಮಾರುಕಟ್ಟೆಯ ತಕ್ಕಡಿಗಳ ಸರದಿ. ನಾನು ಬಾಗಿಲು ದಾಟುವ ಮೊದಲೇ ಆಲೂಗಡ್ಡೆಯ ಮುದುಕಿ, "ಮೇಡಮ್ಮು ಬಂದ್ರು, ಎಲ್ಲರೂ ಹೆಬ್ಬೆರಳು ತೆಗೀರಪ್ಪೋ" ಎಂದು ಕೂಗಿದಳು. ಅವಳದೇ ತಕ್ಕಡಿ ಇಪ್ಪತ್ತು ಗ್ರಾಂ ಕಳ್ಳತನ ಮಾಡುತ್ತಿತ್ತು. ಹೇಳಿದರೆ, "ಅದಕ್ಕೂ ವಯಸ್ಸಾಯ್ತಲ್ಲವ್ವಾ, ನನ್ನ ಹಾಗೆ ಒಂದ್ಕಡೆ ವಾಲುತ್ತೆ" ಎಂದಳು.

ಜೂನಿನಲ್ಲಿ ನನ್ನ ನಿವೃತ್ತಿ. ಕಚೇರಿಯವರು ಈಗಿನಿಂದಲೇ ಒಂದು ಫಲಕದ ಮಾತಾಡುತ್ತಿದ್ದಾರೆ. 'ಮೂವತ್ತೊಂದು ವರ್ಷ, ಒಂದೂ ದೂರಿಲ್ಲ' ಎಂದು ಕೆತ್ತಿಸುವರಂತೆ. ಬೇಡ ಎಂದೆ. ನಾಚಿಕೆ ಎಂದುಕೊಂಡರು.

ನಿಮ್ಮಪ್ಪ ನಿನ್ನ ಕಾಗದ ಓದಿ, ನಿಮ್ಮಿಬ್ಬರ ಪತ್ರವ್ಯವಹಾರ ಕೋರ್ಟಿನ ನೋಟೀಸಿನ ಹಾಗಿರುತ್ತೆ, ಮಧ್ಯೆ ಎಲ್ಲಾದ್ರೂ 'ಮುದ್ದು' ಅಂತ ಒಂದು ಪದ ಹಾಕ್ಬಾರ್ದಾ ಎಂದರು. ಹಾಕಿದ್ದೇನೆ, ಈ ಸಾಲಿನಲ್ಲಿದೆ.

ಅಮ್ಮ

ತಾ.ಕ.: ನಿನ್ನ ಪಟ್ಟಿಯಲ್ಲಿ ಐದು ಇವೆ. ಆರನೆಯದು ಎಲ್ಲಿ? ಅಳೆದದ್ದನ್ನೆಲ್ಲ ಪರೀಕ್ಷಿಸಿದ್ದೀಯ. ಅಳೆದ ಕೋಲನ್ನು?


೧೩ ಫೆಬ್ರುವರಿ, ಶುಕ್ರವಾರ
ಹಾಸ್ಟೆಲು

ಅಮ್ಮಾ,

ಲ್ಯಾಬಿನಲ್ಲಿ ನನಗೆ ಬಂದದ್ದು ಇಪ್ಪತ್ತೈದಕ್ಕೆ ಹನ್ನೊಂದು. ಹೊಸ ಕಾಲೇಜಿನವರು ಹದಿಮೂರಕ್ಕಿಂತ ಕಡಿಮೆ ಇದ್ದವರನ್ನು ತೆಗೆದುಕೊಳ್ಳುವುದಿಲ್ಲ. ಸಹಿ ಒಂದಿದ್ದರೆ ಆಯಿತು ಎಂಬಂತೆ ಬರೆದದ್ದು ಸುಳ್ಳು. ಆ ಹೆಂಗಸನ್ನು ಕೇಳಿಕೊಂಡರೆ ಹೇಗೋ ಆಗಬಹುದು ಎಂಬ ಆಸೆ ಇತ್ತು. ಈಗ ಆ ಕಾಲಂ ತುಂಬಿದ್ದೇನೆ. ಅರ್ಜಿ ಮತ್ತೆ ಇದರ ಜೊತೆ ಇದೆ. ಕಾರಣದ ಕಾಲಂ ಇನ್ನೂ ಖಾಲಿ.

ನಿನ್ನ ಕೊನೆಯ ಪ್ರಶ್ನೆ ಓದಿ ನಕ್ಕೆ. ಆ ಕೋಲನ್ನು ನಾನು ಪರೀಕ್ಷಿಸದೆ ಬಿಟ್ಟದ್ದಲ್ಲ. ಮೊದಲ ದಿನವೇ ತಿರುಗಿಸಿ ನೋಡಿದ್ದೆ. ಬಟ್ಟೆ ಅಂಗಡಿಯ ಹಳೆಯ ಮರದ ಕೋಲು, ಎರಡು ತುದಿಗೂ ಹಿತ್ತಾಳೆಯ ಟೊಪ್ಪಿ, ಕಾಲು, ಅರ್ಧ, ಮುಕ್ಕಾಲಿಗೆ ಒಂದೊಂದು ಹಿತ್ತಾಳೆ ಮೊಳೆ. ಒಂದು ಟೊಪ್ಪಿಯ ಮೇಲೆ ಇಲಾಖೆಯ ಮುದ್ರೆ ಇತ್ತು. ತುದಿ ಕತ್ತರಿಸಿದರೆ ಮುದ್ರೆಯೂ ಹೋಗುತ್ತದೆ, ಅದಕ್ಕೇ ತುದಿಯಲ್ಲಿ ಹಾಕುವುದು, ಮುದ್ರೆ ಇದ್ದರೆ ಕೋಲು ಸರಿ ಎಂದು ನನಗೆ ಅಕ್ಷರ ಕಲಿಯುವ ಮೊದಲೇ ಹೇಳಿಕೊಟ್ಟವಳು ನೀನು. ಅಲ್ಲಿಗೆ ಬಿಟ್ಟೆ. ನಮ್ಮ ತರಗತಿಯಲ್ಲಿ ಬೇರೆ ಯಾರೂ ಆ ಮುದ್ರೆಯನ್ನು ನೋಡಿಯೇ ಇರಲಾರರು. ನೋಡಿದವಳು ನಾನೊಬ್ಬಳೇ, ಮೋಸ ಹೋದವಳೂ ನಾನೊಬ್ಬಳೇ.

ನಿನ್ನ ಕಾಗದ ಬಂದ ಮೇಲೆ ನನ್ನ ಹಳೆಯ ಅಳತೆಗಳನ್ನೆಲ್ಲ ಗ್ರಾಫಿನ ಮೇಲಿಟ್ಟೆ, ದಾರದ ಉದ್ದ ಒಂದು ಕಡೆ, ತೂಗುವ ಕಾಲದ ವರ್ಗ ಇನ್ನೊಂದು ಕಡೆ. ಮುಕ್ಕಾಲು ಮೀಟರಿನದೂ ಸೇರಿ ನಾಲ್ಕು ಚುಕ್ಕೆ. ನಾಲ್ಕೂ ಒಂದೇ ಗೆರೆಯ ಮೇಲೆ ಸಾಲಾಗಿ ನಿಂತವು. ಆದರೆ ಆ ಗೆರೆ ಸೊನ್ನೆಯ ಮೂಲೆಗೆ ಬಂದು ಸೇರಲಿಲ್ಲ, ಪಕ್ಕದಲ್ಲಿ ಹಾದುಹೋಯಿತು. ದಾರವೇ ಇಲ್ಲದಿದ್ದರೂ ಎಂಟು ಮಿಲಿಮೀಟರ್ ದಾರ ಇದೆ ಎಂದು ಹೇಳುವ ಗೆರೆ. ಅಂದರೆ ಕೋಲಿನ ಸೊನ್ನೆಯ ತುದಿಯಲ್ಲಿ ಎಂಟು ಮಿಲಿಮೀಟರ್ ಇಲ್ಲ. ಅಮ್ಮಾ, ಅದನ್ನು ಕಂಡಾಗ ನನಗೆ ಮೊದಲು ಆದದ್ದು ಖುಷಿ. ಇದನ್ನು ನೀನು ನಂಬಬೇಕು. ಐದು ತಿಂಗಳು ನನ್ನ ಕೈಯೇ ಕೆಟ್ಟದು ಎಂದುಕೊಂಡಿದ್ದೆ. ಕೈ ಸರಿ ಇತ್ತು.

ಲ್ಯಾಬಿನ ಅಟೆಂಡರ್ ಸೊಂಟದಲ್ಲಿ ಬೀಗದ ಕೈಗಳ ದೊಡ್ಡ ಗೊಂಚಲು ಕಟ್ಟಿಕೊಂಡಿರುವುದರಿಂದ ಎಲ್ಲರಿಗೂ ಬೀಗದಣ್ಣ. ಅವರ ಉಕ್ಕಿನ ಟೇಪು ತಂದು ಹಿಡಿದೆವು. ತೊಂಬತ್ತೊಂಬತ್ತು ಸೆಂಟಿಮೀಟರು, ಎರಡು ಮಿಲಿಮೀಟರು. ಮೂರು ಸಲ ಹಿಡಿದೆವು, ಮೂರನ್ನೂ ಬರೆದುಕೊಂಡೆ. ಟೊಪ್ಪಿ ಬಿಚ್ಚಿ ನೋಡಿದರೆ ಮರದ ತುದಿ ಗರಗಸದಲ್ಲಿ ಕೊಯ್ದದ್ದು. ಕೊಯ್ದು ಮೇಲೆ ಹೊಸ ಟೊಪ್ಪಿ ಹಾಕಿದ್ದಾರೆ. ಈ ಕೋಲು ಎಲ್ಲಿಂದ ಬಂತು ಎಂದು ಕೇಳಿದೆ. "ಸ್ಕೇಲ್ ಕೊಡಿ ಸ್ಕೇಲ್ ಕೊಡಿ ಅಂತ ಎರಡು ವರ್ಷ ಅರ್ಜಿ ಹಾಕಿ ಸಾಕಾಯ್ತು ಕಣಮ್ಮಾ. ದೊಡ್ಡ ರಸ್ತೇಲಿ ಒಂದು ಬಟ್ಟೆ ಅಂಗಡಿ ಮುಚ್ಚುತಾ ಇದ್ರು, ಹೊರಗೆ ರಾಶಿ ಹಾಕಿದ್ರು, ಎತ್ಕೊಂಡು ಬಂದೆ. ಸರ್ಕಾರಿ ಮುದ್ರೆ ಬೇರೆ ಇತ್ತಲ್ಲ!" ಎಂದರು. ಹನ್ನೆರಡು ವರ್ಷದ ಹಿಂದಿನ ಮಾತು.

ಗ್ರಾಫನ್ನೂ ಟೇಪನ್ನೂ ಮೇಷ್ಟ್ರಿಗೆ ತೋರಿಸಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ತಾವೇ ಟೇಪು ಹಿಡಿದರು, ಕನ್ನಡಕ ಒರೆಸಿ ಮತ್ತೆ ಹಿಡಿದರು. ಆಮೇಲೆ ನನ್ನನ್ನಲ್ಲ, ಕೋಲನ್ನೇ ಕೇಳುವವರ ಹಾಗೆ, "ಹನ್ನೆರಡು ವರ್ಷದಿಂದ ಇದರಲ್ಲೇ ಮಾಡಿಸ್ತಿದ್ದೀನಲ್ಲ. ಎಲ್ಲರಿಗೂ ಒಂಬತ್ತು ಪಾಯಿಂಟ್ ಎಂಟು ಹೇಗೆ ಬಂತು?" ಎಂದರು. ಉತ್ತರ ಅವರಿಗೂ ಗೊತ್ತಿತ್ತು, ಅದು ಮುಖದಲ್ಲಿ ನಿಧಾನವಾಗಿ ಇಳಿಯುತ್ತಿತ್ತು. ಅವರ ಬಗ್ಗೆ ನನಗೆ ಮೊದಲ ಬಾರಿಗೆ ಅಯ್ಯೋ ಎನ್ನಿಸಿತು.

ಈಗ ಮುಖ್ಯವಾದದ್ದು. ಉಪಕರಣದ ದೋಷ ಎಂದು ದಾಖಲಾದರೆ ನನ್ನ ಅಂಕ ತಿದ್ದಬಹುದಂತೆ. ಹಾಗೆ ದಾಖಲಾಗಬೇಕಾದರೆ ದೋಷ ಕಂಡವಳು ಸಹಿ ಮಾಡಿದ ದೂರು ಬೇಕು, ಅದರಲ್ಲಿ ಮುದ್ರೆಯ ನಂಬರು ಇರಬೇಕು, ಒಂದು ಪ್ರತಿ ಅಳತೆಯ ಇಲಾಖೆಗೆ ಹೋಗಬೇಕು. ಮೇಷ್ಟ್ರು ದೂರನ್ನು ತಾವೇ ಟೈಪ್ ಮಾಡಿಸಿದರು. ನಂಬರಿನ ಜಾಗ ಬಿಟ್ಟು, ಇದು ಯಾರದ್ದು ಗೊತ್ತಾ ಎಂದು ಕೇಳಿದರು. ಗೊತ್ತಿಲ್ಲ ಎಂದು ನಾನು ಹೇಳಲಿಲ್ಲ. ಗೊತ್ತು ಎಂದೂ ಹೇಳಲಿಲ್ಲ. ಸೋಮವಾರ ಇಪ್ಪತ್ತಮೂರರವರೆಗೆ ಸಮಯ ಕೇಳಿದೆ.

ನಂಬರು ನಲವತ್ತೇಳು. ನನ್ನ ಊಟದ ಡಬ್ಬಿ ಶಾಲೆಯಲ್ಲಿ ಕಳೆದುಹೋಗಬಾರದೆಂದು ಅದರ ಮುಚ್ಚಳಕ್ಕೆ ನೀನು ಹೊಡೆದಿದ್ದ ನಲವತ್ತೇಳು. ಸಹಿ ಹಾಕಿದರೆ ನನ್ನ ಎರಡು ಅಂಕ ಬರುತ್ತದೆ, ಕಾಲೇಜು ಬದಲಾಗುತ್ತದೆ, ನಿನ್ನ ಮೇಲೆ ಮೊದಲ ದೂರು ಬೀಳುತ್ತದೆ, ನಿವೃತ್ತಿಗೆ ನಾಲ್ಕು ತಿಂಗಳಿರುವಾಗ. ಹಾಕದಿದ್ದರೆ ಯಾವುದೂ ಆಗುವುದಿಲ್ಲ. ತಕ್ಕಡಿಯ ಹೋಲಿಕೆ ಕೊಡುವುದಿಲ್ಲ, ನಿನಗೆ ಹಿಡಿಸುವುದಿಲ್ಲ.

ಆರೋಪ ಮಾಡುತ್ತಿಲ್ಲ ಅಮ್ಮಾ. ಹೇಗಾಯಿತು ಎಂದು ತಿಳಿಯಬೇಕೆನಿಸುತ್ತಿದೆ, ಅಷ್ಟೇ. ನೀನು ಬೇಡ ಎಂದರೆ ಸಹಿ ಹಾಕುವುದಿಲ್ಲ. ಬೇಕು ಎಂದರೂ ಹಾಕುತ್ತೇನೋ ಇಲ್ಲವೋ ಗೊತ್ತಿಲ್ಲ.

ಚಟಾಕು

ತಾ.ಕ.: ಆ ಮುದ್ರೆ ಓರೆಯಾಗಿದೆ. ಎರಡು ಸಲ ಹೊಡೆದ ಹಾಗೆ ಏಳರ ಪಕ್ಕ ಇನ್ನೊಂದು ಏಳಿನ ನೆರಳಿದೆ. ಒಂದೇ ತುದಿಗೆ ಇದೆ, ಇನ್ನೊಂದು ಟೊಪ್ಪಿ ಬರಿದು. ನೀನು ಎರಡೂ ತುದಿಗೆ ಹೊಡೆಯುವವಳು. ನಿನ್ನ ಮುದ್ರೆ ಓರೆಯಾದದ್ದನ್ನು ನಾನು ಈವರೆಗೆ ನೋಡಿಲ್ಲ.


೧೮ ಫೆಬ್ರುವರಿ, ಬುಧವಾರ
ಮನೆ

ಚಟಾಕು,

ಸಹಿ ಹಾಕು. ನಂಬರನ್ನು ಸ್ಪಷ್ಟವಾಗಿ ಬರೆ. ನಾಲ್ಕು ಮತ್ತು ಏಳು, ಅಂಕಿಯಲ್ಲೂ ಅಕ್ಷರದಲ್ಲೂ.

ಹೇಗಾಯಿತು ಎಂದು ಕೇಳಿದ್ದೀಯ. ಕೇಳದಿದ್ದರೆ ಹೇಳುತ್ತಿದ್ದೆನೋ ಇಲ್ಲವೋ. ನಿನಗೆ ಆಗ ಆರು ವರ್ಷ. ಶಾಲೆಗೆ ರಜೆ, ನಿಮ್ಮಪ್ಪನಿಗೆ ಡ್ಯೂಟಿ. ನಿನ್ನನ್ನು ಕಚೇರಿಗೆ ಕರೆದುಕೊಂಡು ಹೋಗಿದ್ದೆ. ಅಂದು ಬಟ್ಟೆ ವ್ಯಾಪಾರಿಗಳ ಕೋಲುಗಳ ದಿನ. ಒಟ್ಟು ಹದಿನೆಂಟು. ಮಾದರಿ ಕೋಲಿನ ಪಕ್ಕದಲ್ಲಿಟ್ಟು ನೋಡಿ, ಸರಿ ಇದ್ದ ಹದಿಮೂರನ್ನು ಎಡಗಡೆ, ಗಿಡ್ಡ ಇದ್ದ ಐದನ್ನು ಬಲಗಡೆ ಇಟ್ಟೆ. ಎಡಗಡೆಯವಕ್ಕೆ ಮುದ್ರೆ ಹೊಡೆದೆ. ನೀನು ಬೆಳಗ್ಗಿನಿಂದ, "ಒಂದೇ ಒಂದು ನಾನೂ ಹೊಡೀತೀನಮ್ಮಾ, ಒಂದೇ ಒಂದು" ಎಂದು ಸೆರಗು ಹಿಡಿದು ಕಾಡುತ್ತಿದ್ದೆ. ಯಾರೋ ಫೋನಿಗೆ ಕರೆದರು. ವಾಪಸ್ಸು ಬಂದಾಗ ನೀನು ಎರಡು ಕೈಯಲ್ಲೂ ಸುತ್ತಿಗೆ ಹಿಡಿದು ಮೇಜಿನ ಮೇಲೆ ನಿಂತಿದ್ದೆ. "ನಾನೂ ಹೊಡೆದೆ" ಎಂದೆ. ಎಡಗಡೆಯ ಯಾವುದೋ ಒಂದರ ಮೇಲೆ ಇನ್ನೊಂದು ಏಟು ಬಿದ್ದಿರಬೇಕೆಂದು ನಕ್ಕುಬಿಟ್ಟೆ. ಆ ನಗುವೇ ನನ್ನ ತಪ್ಪು. ಆಗ ಎಣಿಸಬೇಕಿತ್ತು.

ಸಂಜೆ ಎಣಿಸಿದಾಗ ಬಲಗಡೆ ನಾಲ್ಕೇ ಇದ್ದವು. ಅಷ್ಟರಲ್ಲಿ ವ್ಯಾಪಾರಿಗಳು ತಂತಮ್ಮ ಕೋಲು ಎತ್ತಿಕೊಂಡು ಹೋಗಿದ್ದರು. ಗಡಿಬಿಡಿಯಲ್ಲಿ ಎರಡು ಗುಂಪನ್ನೂ ನಾನೇ ಹತ್ತಿರ ಹತ್ತಿರ ಇಟ್ಟಿರಬೇಕು, ಒಂದು ಕಲಸಿಹೋಯಿತು. ರಿಜಿಸ್ಟರಿನಲ್ಲಿ 'ಸರಿ: ಹದಿನಾಲ್ಕು, ತಿರಸ್ಕೃತ: ನಾಲ್ಕು' ಎಂದು ಬರೆದೆ. ನನ್ನ ಕೈಯಿಂದ ಬಂದ ಒಂದೇ ಒಂದು ಸುಳ್ಳು ಅಳತೆ ಅದು. ಹೇಳಿದ್ದರೆ ಅಂದು ಒಂದು ಮೆಮೊ ಸಿಗುತ್ತಿತ್ತು, ಅಷ್ಟೇ. ಆದರೆ ಕಚೇರಿಯೊಳಗೆ ಮಗುವಿನ ಕೈಗೆ ಮುದ್ರೆ ಕೊಟ್ಟೆ ಎಂದು ಬರೆಯಬೇಕಿತ್ತು. ಬರೆಯಲಾಗಲಿಲ್ಲ.

ಆ ಕೋಲನ್ನು ಹುಡುಕಿದೆ. ಮುಂದಿನ ವಾರದಿಂದ ಒಂದೊಂದೇ ಬಟ್ಟೆ ಅಂಗಡಿಗೆ ಗಿರಾಕಿಯ ಹಾಗೆ ಹೋಗಿ ಅರ್ಧ ಮೀಟರ್ ಬಟ್ಟೆ ಕೇಳುತ್ತಿದ್ದೆ. ಅವರು ಕೋಲು ಹಿಡಿಯುವಾಗ ತುದಿ ನೋಡುತ್ತಿದ್ದೆ. ಮನೆಗೆ ತಂದು ಮೇಜಿನ ಮೇಲೆ ಅಳೆಯುತ್ತಿದ್ದೆ. ಎಲ್ಲವೂ ಸರಿ ಇದ್ದವು. ಒಂದೊಂದು ಅಂಗಡಿಗೆ ಎರಡು ಮೂರು ಸಲ ಹೋಗಿ ಮೂವತ್ತಕ್ಕಿಂತ ಹೆಚ್ಚು ತುಂಡು ಸೇರಿದವು. ನಿನ್ನ ಅಂಗಿಗಳು, ಕಿಟಕಿಯ ಪರದೆ, ನಿನ್ನ ದಿಂಬಿನ ಚೀಲ ಎಲ್ಲ ಅವುಗಳಿಂದಲೇ ಆದದ್ದು. ಗಿರಗಿಟ್ಲೆಗೆ ಹೇಳು. ದೊಡ್ಡ ರಸ್ತೆಯ ಒಂದು ಅಂಗಡಿ ಮಾತ್ರ ನಾನು ಹೋಗುವಷ್ಟರಲ್ಲಿ ಮುಚ್ಚಿತ್ತು. ಅಲ್ಲೇ ಇರಬೇಕು ಎಂದು ಗೊತ್ತಿತ್ತು, ಮುಂದೆ ಎಲ್ಲಿ ಹೋಯಿತೆಂದು ಗೊತ್ತಿರಲಿಲ್ಲ. ಹೊಸ ಊರಿಗೆ ವರ್ಗವಾದ ಮೇಲೂ ಬಟ್ಟೆ ಅಂಗಡಿ ಕಂಡರೆ ಕಣ್ಣು ಕೋಲಿನ ತುದಿಗೇ ಹೋಗುತ್ತಿತ್ತು. ಅದು ಹನ್ನೆರಡು ವರ್ಷ ಒಂದು ಕಾಲೇಜಿನ ಬಾಗಿಲ ಪಕ್ಕ ನೇತಾಡುತ್ತಿತ್ತು ಎಂದು ಯಾರು ಎಣಿಸಿಯಾರು! ನಿನ್ನ ಕಾಗದ ಓದಿ ನನಗೂ ಮೊದಲು ಆದದ್ದು ಖುಷಿಯೇ. ಸಿಕ್ಕಿತಲ್ಲ ಎಂದು.

ನಮ್ಮ ಮೇಲಧಿಕಾರಿಗೆ ಇವತ್ತು ಎಲ್ಲ ಹೇಳಿದೆ. ಅವರು, "ಹನ್ನೆರಡು ವರ್ಷದ ಮಾತು ಮೇಡಂ, ನೀವು ಬಾಯಿ ಬಿಡದಿದ್ರೆ ಯಾರಿಗೆ ಗೊತ್ತಾಗುತ್ತೆ?" ಎಂದರು. ನನಗೆ ಎಂದೆ. ಬಹುಶಃ ವಿಚಾರಣೆ ಆಗಬಹುದು. ಫಲಕ ಆಗಲಿಕ್ಕಿಲ್ಲ. ನಿಮ್ಮಪ್ಪ, "ಒಳ್ಳೇದೇ ಆಯ್ತು, ಅದನ್ನ ಒರೆಸೋ ಕೆಲಸ ನನಗೇ ಬರ್ತಿತ್ತು" ಎಂದರು.

ಸೋಮವಾರ ಬೆಳಗಿನ ಬಸ್ಸಿಗೆ ಬರುತ್ತೇನೆ, ಹನ್ನೊಂದಕ್ಕೆ ಅಲ್ಲಿರುತ್ತೇನೆ. ಮಾದರಿ ಕೋಲು ತರುತ್ತೇನೆ, ಹಳೆಯ ಕಚೇರಿಯಲ್ಲಿ ಆ ರಿಜಿಸ್ಟರನ್ನೂ ತೆಗೆಸುತ್ತೇನೆ. ನಿಮ್ಮ ಮೇಷ್ಟ್ರ ಎದುರಿಗೆ ಅಳೆದು, ಹದಿನಾಲ್ಕನ್ನು ಹೊಡೆದುಹಾಕಿ ಹದಿಮೂರು ಎಂದು ಬರೆಯುತ್ತೇನೆ.

ಅಮ್ಮ

ತಾ.ಕ.: ಅರ್ಜಿಗೆ ಸಹಿ ಹಾಕಿದ್ದೇನೆ. ಕಾರಣದ ಕಾಲಂ ಖಾಲಿ ಇದೆ ಎಂದು ಗೊತ್ತಿದ್ದೇ ಹಾಕಿದ್ದೇನೆ. ಪರೀಕ್ಷಿಸದೆ ಬಿಟ್ಟುಕೊಟ್ಟದ್ದು ಬದುಕಿನಲ್ಲಿ ಇದು ಎರಡನೆಯ ಸಲ. ಎರಡು ಸಲವೂ ನಿನ್ನಿಂದಲೇ.


೨೨ ಫೆಬ್ರುವರಿ, ಭಾನುವಾರ
ಹಾಸ್ಟೆಲು

ಅಮ್ಮಾ,

ನಾಳೆ ನೀನೇ ಬರುತ್ತಿರುವಾಗ ಈ ಕಾಗದ ಯಾಕೆ ಎಂದು ಅಪ್ಪ ಕೇಳಬಹುದು. ಅಂಚೆಗೆ ಹಾಕುವುದಿಲ್ಲ, ಬಸ್ ನಿಲ್ದಾಣದಲ್ಲಿ ನಿನ್ನ ಕೈಗೇ ಕೊಡುತ್ತೇನೆ. ಮುಖ್ಯವಾದದ್ದು ಕಾಗದದ ಮೇಲಿರಬೇಕಲ್ಲ.

ಈ ವಾರ ಬೀಗದಣ್ಣ ಹಳೆಯ ರೆಕಾರ್ಡ್ ಬುಕ್ಕುಗಳ ಬೀರು ತೆಗೆದುಕೊಟ್ಟರು. ಗೆದ್ದಲು ತಿಂದದ್ದು ಬಿಟ್ಟು ನಾನೂರ ಹನ್ನೆರಡು ಪುಸ್ತಕ. ಗಿರಗಿಟ್ಲೆಯೂ ಬಂದಳು. "ನಿನ್ನಿಂದ ಮುಂದಿನ ಸೆಮಿಸ್ಟರು ನಾವೆಲ್ಲ ನಿಜವಾಗ್ಲೂ ಅಳೀಬೇಕಲ್ಲೇ, ಪಾಪಿ" ಎಂದು ಬೈಯುತ್ತಲೇ ಅರ್ಧ ಪುಸ್ತಕ ಅವಳೇ ತಿರುವಿದಳು. ಆ ಕೋಲಿನಿಂದ ಪ್ರಾಮಾಣಿಕವಾಗಿ ಅಳೆದರೆ ನನ್ನ ಅಂಕಿಗಳೇ ಬರಬೇಕು, ಬೇರೆ ಬರಲು ಸಾಧ್ಯವಿಲ್ಲ. ಹಾಗೆ ಬಂದವರು ಯಾರಾದರೂ ಇದ್ದಾರೋ ನೋಡಬೇಕಿತ್ತು. ಮೂರು ಪುಸ್ತಕ ಸಿಕ್ಕವು. ೯.೮೮, ೯.೯೬. ಒಬ್ಬಳ ಕೈಬರಹ ಎಷ್ಟು ದುಂಡಗಿದೆ ಎಂದರೆ ಕೆಂಪು ಗೆರೆ ಅದರ ಮೇಲೆ ಬಿದ್ದದ್ದು ನೋಡಲಾಗುವುದಿಲ್ಲ. ಅವಳು ಮೊದಲ ಸೆಮಿಸ್ಟರಿಗೇ ಬಿಟ್ಟುಹೋದಳು ಎಂದು ಬೀಗದಣ್ಣ ನೆನಪಿಸಿಕೊಂಡರು.

ಮೂರನ್ನೂ 'ಇವರಿಗೂ ಹೀಗೇ ಬಂದಿದೆ' ಎಂದು ಮಾತ್ರ ಬರೆದ ಚೀಟಿಯ ಜೊತೆ ಮೇಷ್ಟ್ರ ಮೇಜಿನ ಮೇಲಿಟ್ಟೆ. ಅವರು ಅವನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಹೋದರು. ಮಾರನೆಯ ಬೆಳಗ್ಗೆ ಕಾರಿಡಾರಿನಲ್ಲಿ ನನ್ನನ್ನು ನಿಲ್ಲಿಸಿ, "ಅವರಿಗೆ ನಾನೇ ಬರೀತೀನಿ. ನೀನು ಅಡ್ರೆಸ್ ಹುಡುಕ್ಕೊಡು. ಮೂವರದ್ದೂ ಬೇಕು" ಎಂದರು. ಹೋಗುತ್ತಾ ತಿರುಗಿ, ನೀನೂ ಹೋಗ್ತಿದ್ದೀಯಂತಲ್ಲ ಎಂದರು. ನಾನು ಉತ್ತರ ಕೊಡುವ ಮೊದಲೇ, "ಹೋಗೋದಾದ್ರೆ ನಾಲ್ಕನೇ ಅಡ್ರೆಸ್ಸೂ ಬರೆದಿಟ್ಟು ಹೋಗು" ಎಂದರು. ಅವರು ತಮಾಷೆ ಮಾಡಿದ್ದು ಯಾರೂ ಕೇಳಿಲ್ಲವಂತೆ, ಬೀಗದಣ್ಣ ನಂಬಲೇ ಇಲ್ಲ.

ನಿನ್ನ ಸಹಿ ಇರುವ ಅರ್ಜಿ ಎದುರಿಗಿದೆ. ಬೆಳಗ್ಗಿನಿಂದ ಕಾರಣದ ಕಾಲಂ ತುಂಬಲು ಕುಳಿತಿದ್ದೇನೆ. ಮೂರು ಸಲ ಬರೆದು ಅಳಿಸಿದ್ದು ಏನು ಗೊತ್ತೇ? ಮೊದಲನೆಯದು, ನನಗೆ ಇಲ್ಲಿ ಸರಿಯಾದ ಉತ್ತರ ಬರುವುದಿಲ್ಲ. ಎರಡನೆಯದು, ತಪ್ಪು ಯಾಕೆ ಬಂತೆಂದು ಇಲ್ಲಿ ಯಾರೂ ಕೇಳುವುದಿಲ್ಲ. ಮೂರನೆಯದು, ನನ್ನ ಕೈ ಸರಿ ಇಲ್ಲ. ಆ ಜಾಗವನ್ನು ಬೆಳಕಿಗೆ ಹಿಡಿದರೆ ಮೂರೂ ಇನ್ನೂ ಕಾಣುತ್ತವೆ. ಒಂದೊಂದನ್ನೇ ಮತ್ತೆ ಪರೀಕ್ಷಿಸಿದೆ. ಈಗ ಒಂದೂ ನಿಜವಲ್ಲ. ನಿಜವಲ್ಲದ್ದನ್ನು ಕಾಲಮ್ಮಿಗೆ ತುಂಬಲಾರೆ, ಹೊಸದಾಗಿ ಒಂದು ಕಾರಣ ಹುಟ್ಟಿಸಲೂ ಆರೆ. ಆ ಕಾಲೇಜಿನ ಕಿಟಕಿಗಳು ಈಗಲೂ ಇಷ್ಟ. ಆದರೆ ಕಿಟಕಿ ಒಂದು ಕಾರಣವಾಗಿ ಸಾಲದು.

ಆದ್ದರಿಂದ, ನಾಳೆ ಹತ್ತು ಗಂಟೆಗೆ ದೂರಿಗೆ ಸಹಿ ಹಾಕುತ್ತೇನೆ. ನಾಲ್ಕು ಮತ್ತು ಏಳು, ಅಂಕಿಯಲ್ಲೂ ಅಕ್ಷರದಲ್ಲೂ. ಕೆಳಗೆ, ಮುದ್ರೆ ಹೊಡೆದದ್ದು ನಾನು ಎಂದೂ ಬರೆಯುತ್ತೇನೆ, ಬೇಡ ಎನ್ನಬೇಡ. ಹತ್ತೂವರೆಗೆ ನಮ್ಮ ಕಾಲೇಜಿನ ಕಚೇರಿಗೆ ಹೋಗಿ, ವರ್ಗಾವಣೆ ಪತ್ರಕ್ಕೆ ಕೊಟ್ಟಿರುವ ಮನವಿಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಹನ್ನೊಂದಕ್ಕೆ ಬಸ್ ನಿಲ್ದಾಣದಲ್ಲಿರುತ್ತೇನೆ.

ನಿನ್ನ ಚಟಾಕು

ತಾ.ಕ.: ಒಂದು ತಿದ್ದುಪಡಿ ಇದೆ, ರಿಜಿಸ್ಟರಿನಲ್ಲಿ ಬರೆಯುವ ಮೊದಲು ಓದು. ನೀನು ಗುಂಪುಗಳನ್ನು ಕಲಸಿರಲಿಲ್ಲ. ನನಗೆ ಆ ಮೇಜು ನೆನಪಿದೆ, ಸುತ್ತಿಗೆಯ ಭಾರ ನೆನಪಿದೆ, ಎಡಗಡೆ ಯಾವುದು ಬಲಗಡೆ ಯಾವುದು ಎಂದೂ ಗೊತ್ತಿತ್ತು. ಎಡಗಡೆಯವಕ್ಕೆಲ್ಲ ಎರಡೆರಡು ಮುದ್ರೆ ಬಿದ್ದಿತ್ತು. ಬಲಗಡೆಯವಕ್ಕೆ ಒಂದೂ ಇರಲಿಲ್ಲ. ಪಾಪ ಅನ್ನಿಸಿತು. ಎಲ್ಲಕ್ಕಿಂತ ಗಿಡ್ಡದ್ದನ್ನು ಹುಡುಕಿ ತೆಗೆದು, ಅದಕ್ಕೆ ಹೊಡೆದು, ಎಡಗಡೆಯವುಗಳ ಮಧ್ಯೆ ಇಟ್ಟೆ.